ಎಚ್‌ಬಿಎ1ಸಿ ಒಂದು ಹೇಳಿ ಗ್ಲುಕೋಮೀಟರ್ ಇನ್ನೊಂದು ಹೇಳಿದಾಗ ಏನು ಮಾಡಬೇಕು

ಮನೆಯ ಗ್ಲುಕೋಮೀಟರ್ ತಿಂಗಳುಗಟ್ಟಲೆ 130, 140 ಎಂದು ತೋರಿಸುತ್ತಿದ್ದರೂ, ಜನ ‘ಮೂರು ತಿಂಗಳ ಶುಗರ್’ ಎಂದು ಕರೆಯುವ ಎಚ್‌ಬಿಎ1ಸಿ ವರದಿ ಮಾತ್ರ 8.1 ಎಂದು ಬರುವುದುಂಟು. ಇದಕ್ಕೆ ವಿರುದ್ಧವಾಗಿ, ಊಟದ ನಂತರ 250 ದಾಟುವವರಿಗೆ 6 ಎಂಬ ಸುಖಕರ ಅಂಕಿ ಬರುವುದೂ ಉಂಟು. ಇಂಥ ಸಂದರ್ಭದಲ್ಲಿ ಮಾತ್ರೆಯ ಪ್ರಮಾಣ ಬದಲಾಗುವ ಮೊದಲು ರಕ್ತಕಣಗಳನ್ನು ವಿಚಾರಿಸಬೇಕು. ಈ ಪರೀಕ್ಷೆ ಅಳೆಯುವುದು ನೇರವಾಗಿ ಸಕ್ಕರೆಯನ್ನಲ್ಲ, ಹಿಮೋಗ್ಲೋಬಿನ್ನಿಗೆ ಅಂಟಿಕೊಂಡ ಸಕ್ಕರೆಯನ್ನು. ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ ಎಂಬ ಊಹೆಯ ಮೇಲೆಯೇ ಅದರ ಲೆಕ್ಕವೆಲ್ಲ ನಿಂತಿದೆ. ಕಣ ಬೇಗ ಸತ್ತರೆ ಅಂಕಿ ಇಳಿಯುತ್ತದೆ. ಹಳೆಯ ಕಣಗಳೇ ಹೆಚ್ಚು ಕಾಲ ಉಳಿದರೆ ಏರುತ್ತದೆ.

ಮೊದಲು ವ್ಯತ್ಯಾಸ ನಿಜವೇ ಎಂದು ಲೆಕ್ಕ ಹಾಕಿ ನೋಡಬೇಕು. ಎಚ್‌ಬಿಎ1ಸಿ ಅಂಕಿಯನ್ನು 28.7ರಿಂದ ಗುಣಿಸಿ 46.7 ಕಳೆದರೆ ಸರಾಸರಿ ಸಕ್ಕರೆಯ ಅಂದಾಜು ಡೆಸಿಲೀಟರಿಗೆ ಮಿಲಿಗ್ರಾಮ್‌ಗಳಲ್ಲಿ ಸಿಗುತ್ತದೆ. 7ಕ್ಕೆ ಸುಮಾರು 154, 8.1ಕ್ಕೆ ಸುಮಾರು 186. ಮನೆಯ ಸರಾಸರಿ 140 ಇದ್ದರೆ ವರದಿ 6.5ರ ಆಸುಪಾಸಿನಲ್ಲಿ ಬರಬೇಕಿತ್ತು. ಆದರೆ ಆ ಮನೆಯ ಸರಾಸರಿಯೇ ಎಷ್ಟು ನಂಬಿಕೆಗೆ ಅರ್ಹ? ನಮ್ಮಲ್ಲಿ ಬಹುಪಾಲು ಜನ ಬೆಳಿಗ್ಗೆ ಖಾಲಿಹೊಟ್ಟೆಯಲ್ಲಿ ಮಾತ್ರ ಬೆರಳು ಚುಚ್ಚಿಕೊಳ್ಳುತ್ತಾರೆ. ಮಧ್ಯಾಹ್ನದ ಅನ್ನ ಸಾರಿನ ನಂತರದ ಏರಿಕೆ ಯಾವ ಡೈರಿಗೂ ಬರುವುದಿಲ್ಲ. ಆದ್ದರಿಂದ ಮೂರು ದಿನಗಳ ಕಾಲ, ಮೂರು ಊಟಗಳ ಮೊದಲು, ಪ್ರತಿ ಊಟ ಶುರುಮಾಡಿದ ಎರಡು ಗಂಟೆಗೆ ಮತ್ತು ಮಲಗುವ ಮುನ್ನ, ಹೀಗೆ ದಿನಕ್ಕೆ ಏಳು ಬಾರಿ ನೋಡಿ ಬರೆದಿಡಬೇಕು. ಮಾವಿನಹಣ್ಣು ಹೆಚ್ಚಿದ ಕೈಯನ್ನು ತೊಳೆಯದೆ ಚುಚ್ಚಿದರೆ ಹಣ್ಣಿನ ಸಕ್ಕರೆಯೇ ಮೀಟರಿನಲ್ಲಿ ಕಾಣಿಸಿಕೊಳ್ಳುತ್ತದೆ. ಸ್ಪಿರಿಟ್ಟಿಗಿಂತ ಸೋಪು ನೀರು ಉತ್ತಮ. ಕೈ ಪೂರ್ತಿ ಒಣಗಿರಬೇಕು.

ಇಷ್ಟಾದ ಮೇಲೂ ವ್ಯತ್ಯಾಸ ಉಳಿದರೆ ಸಂಪೂರ್ಣ ರಕ್ತಕಣ ಎಣಿಕೆಯ, ಅಂದರೆ ಸಿಬಿಸಿಯ, ವರದಿಯನ್ನು ಕೈಗೆತ್ತಿಕೊಳ್ಳಬೇಕು. ಅಂಕಿ ಸುಳ್ಳಾಗಿ ಏರಲು ನಮ್ಮ ದೇಶದಲ್ಲಿ ಮೊದಲು ಅನುಮಾನಿಸಬೇಕಾದದ್ದು ಕಬ್ಬಿಣದ ಕೊರತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಭಾರತೀಯ ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆಯಿದೆ. ಹೀಗಿರುವಾಗ ಹಿಮೋಗ್ಲೋಬಿನ್ ನೋಡದೆ ಎಚ್‌ಬಿಎ1ಸಿಯನ್ನು ಮಾತ್ರ ಓದುವುದು ಅರ್ಧ ವರದಿಯನ್ನು ಓದಿದಂತೆ. ಎಂಸಿವಿ (ಕೆಂಪುಕಣದ ಸರಾಸರಿ ಗಾತ್ರ) 80ಕ್ಕಿಂತ ಕೆಳಗೆ, ಆರ್‌ಡಿಡಬ್ಲ್ಯು (ಕಣಗಳ ಗಾತ್ರದ ಏರುಪೇರು) ಹೆಚ್ಚು, ಫೆರಿಟಿನ್ (ದೇಹದ ಕಬ್ಬಿಣದ ದಾಸ್ತಾನನ್ನು ಹೇಳುವ ಬೇರೊಂದು ರಕ್ತಪರೀಕ್ಷೆ) 15ಕ್ಕಿಂತ ಕಡಿಮೆ ಎಂದಿದ್ದರೆ ಕಬ್ಬಿಣದ ಕೊರತೆ ಬಹುಮಟ್ಟಿಗೆ ಖಚಿತ. ಎಂಸಿವಿ ಕಡಿಮೆಯಿದ್ದೂ ಕೆಂಪುಕಣಗಳ ಸಂಖ್ಯೆ ಹೆಚ್ಚಿದ್ದರೆ ಥಲಸ್ಸೀಮಿಯಾ (ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ಆನುವಂಶಿಕ ಕಾಯಿಲೆ) ವಾಹಕರೇ ಎಂದು ವೈದ್ಯರನ್ನು ಕೇಳಬೇಕು. ಇಲ್ಲೊಂದು ಎಚ್ಚರಿಕೆ ಅಗತ್ಯ: ಕಬ್ಬಿಣದ ಮಾತ್ರೆ ಶುರುವಾದೊಡನೆ ಹೊಸ ಕಣಗಳು ರಕ್ತಕ್ಕೆ ಬಂದು ಎಚ್‌ಬಿಎ1ಸಿ ತಾನಾಗಿಯೇ ಇಳಿಯುತ್ತದೆ, ಮತ್ತು ಆ ಕೀರ್ತಿ ಸುಮ್ಮನೆ ಮೆಂತ್ಯದ ನೀರಿಗೋ ಹೊಸ ಮಾತ್ರೆಗೋ ಹೋಗುತ್ತದೆ.

ಅಂಕಿ ಸುಳ್ಳಾಗಿ ಇಳಿಯುವ ಕಾರಣಗಳ ಪಟ್ಟಿ ಉದ್ದವಾಗಿದೆ: ಇತ್ತೀಚಿನ ರಕ್ತಸ್ರಾವ, ರಕ್ತ ಪಡೆದಿರುವುದು, ಡಯಾಲಿಸಿಸ್ ರೋಗಿಗಳ ಎರಿಥ್ರೋಪೊಯೆಟಿನ್ (ಹೊಸ ಕೆಂಪುಕಣ ಹುಟ್ಟಿಸುವ) ಇಂಜೆಕ್ಷನ್, ಕಣಗಳು ಒಡೆಯುವ ಕಾಯಿಲೆಗಳು, ಜಿ6ಪಿಡಿ (ಕೆಂಪುಕಣವನ್ನು ಕಾಪಾಡುವ ಕಿಣ್ವ) ಕೊರತೆ, ಗರ್ಭಾವಸ್ಥೆ. ಕುಷ್ಠರೋಗಕ್ಕೂ ಕೆಲವು ಚರ್ಮರೋಗಗಳಿಗೂ ಕೊಡುವ ಡ್ಯಾಪ್ಸೋನ್ ಮಾತ್ರೆಯನ್ನು ಈ ಪಟ್ಟಿಗೆ ಸೇರಿಸಲು ಬಹಳ ಮಂದಿ ಮರೆಯುತ್ತಾರೆ. ಚರ್ಮದ ವೈದ್ಯರು ಬರೆದ ಚೀಟಿಯನ್ನು ಸಕ್ಕರೆಯ ವೈದ್ಯರಿಗೆ ತೋರಿಸುವ ಅಭ್ಯಾಸ ನಮ್ಮಲ್ಲಿ ಇಲ್ಲವೆಂದೇ ಹೇಳಬೇಕು. ಡ್ಯಾಪ್ಸೋನ್ ವಿಷಯದಲ್ಲಾದರೂ ತೋರಿಸಲೇಬೇಕು, ಏಕೆಂದರೆ ಸಕ್ಕರೆ 200 ಇದ್ದವರಿಗೂ ಅದು ಆರೋಗ್ಯವಂತರ ಅಂಕಿಯನ್ನು ತಂದುಕೊಡಬಲ್ಲದು.

ಹಿಮೋಗ್ಲೋಬಿನ್ನಿನ ರಚನೆಯೇ ಬೇರೆಯಾಗಿದ್ದರೆ ಸಂಗತಿ ಮತ್ತೂ ತೊಡಕಾಗುತ್ತದೆ. ಈಶಾನ್ಯ ರಾಜ್ಯಗಳಲ್ಲಿ ಹಿಮೋಗ್ಲೋಬಿನ್ ‘ಇ’ ಸಾಮಾನ್ಯ. ಕರ್ನಾಟಕದ ಅರಣ್ಯದಂಚಿನ ಕೆಲವು ಬುಡಕಟ್ಟು ಸಮುದಾಯಗಳಲ್ಲಿ ಕುಡಗೋಲು ಕಣದ ಹಿಮೋಗ್ಲೋಬಿನ್ ‘ಎಸ್’ ಕಂಡುಬರುತ್ತದೆ. ಎಚ್‌ಪಿಎಲ್‌ಸಿ (ಹಿಮೋಗ್ಲೋಬಿನ್ನಿನ ಬಗೆಗಳನ್ನು ಬೇರ್ಪಡಿಸಿ ಅಳೆಯುವ) ವಿಧಾನ ಬಳಸುವ ಲ್ಯಾಬುಗಳು ವರದಿಯ ಜೊತೆ ಏರಿಳಿತದ ಗೆರೆಗಳಿರುವ ಒಂದು ಹಾಳೆಯನ್ನು ಕೊಡುತ್ತವೆ. ಅರ್ಥವಾಗುವುದಿಲ್ಲವೆಂದು ಅದನ್ನು ಎಸೆಯಬಾರದು. ಅನಿರೀಕ್ಷಿತ ಜಾಗದಲ್ಲಿ ಎದ್ದ ದೊಡ್ಡ ಶಿಖರವೊಂದೇ ಎಷ್ಟೋ ಸಲ ರೂಪಾಂತರದ ಮೊದಲ ಸುಳಿವಾಗಿರುತ್ತದೆ. ಕುಡಗೋಲು ಕಣ ರೋಗವೇ ಇರುವವರಲ್ಲಂತೂ ಎಚ್‌ಬಿಎ1ಸಿಯನ್ನು ನೆಚ್ಚಲೇಬಾರದು.

ಹಾಗಾದರೆ ಬದಲಿ ಏನು? ಫ್ರಕ್ಟೋಸಮೈನ್ ಪರೀಕ್ಷೆ ಹಿಂದಿನ ಎರಡು ಮೂರು ವಾರಗಳ ಸಕ್ಕರೆಯನ್ನು ರಕ್ತದ ಪ್ರೋಟೀನುಗಳ ಮೂಲಕ ಹೇಳುತ್ತದೆ. ಆದರೆ ಮೂತ್ರದಲ್ಲಿ ಪ್ರೋಟೀನ್ ವಿಪರೀತ ಸೋರುವವರಿಗೆ, ಆಲ್ಬುಮಿನ್ ಕಡಿಮೆಯಿರುವವರಿಗೆ ಅದೂ ದಾರಿ ತಪ್ಪಿಸುತ್ತದೆ. ನನ್ನ ಮಟ್ಟಿಗೆ, ಖರ್ಚು ಭರಿಸಬಲ್ಲವರಿಗೆ ತೋಳಿಗೆ ಅಂಟಿಸುವ ಸೆನ್ಸರನ್ನು 14 ದಿನ ಹಾಕಿಸುವುದೇ ಅತ್ಯಂತ ಪ್ರಾಮಾಣಿಕ ಸಾಕ್ಷಿ. ಕನಿಷ್ಠ ಶೇ 70ರಷ್ಟು ಸಮಯದ ಮಾಹಿತಿ ದಾಖಲಾಗಿರಬೇಕು. ಅದರ ವರದಿಯಲ್ಲಿ ‘ಜಿಎಂಐ’ ಎಂಬ ಅಂಕಿಯಿರುತ್ತದೆ. ಸೆನ್ಸರ್ ಕಂಡ ಸರಾಸರಿ ಸಕ್ಕರೆಗೆ ಎಚ್‌ಬಿಎ1ಸಿ ಎಷ್ಟಿರಬಹುದೆಂಬ ಅಂದಾಜು ಅದು. ಇದನ್ನು ಲ್ಯಾಬಿನ ಅಂಕಿಯ ಪಕ್ಕದಲ್ಲಿಟ್ಟರೆ ವ್ಯತ್ಯಾಸ ಎಷ್ಟು, ಯಾವ ಕಡೆಗೆ ಎಂಬುದು ಬಯಲಾಗುತ್ತದೆ. ಸಕ್ಕರೆ 70ರಿಂದ 180ರೊಳಗೆ ಇದ್ದ ಸಮಯ ಶೇ 70 ಮೀರಿರಬೇಕೆಂಬುದು ಗರ್ಭಿಣಿಯರಲ್ಲದ ಬಹುಪಾಲು ವಯಸ್ಕರಿಗೆ ಇಂದು ಒಪ್ಪಿತವಾದ ಗುರಿ. ವಯೋವೃದ್ಧರಿಗೆ ಅದನ್ನು ಸಡಿಲಿಸುತ್ತಾರೆ.

ವೈದ್ಯರ ಬಳಿ ಹೋಗುವಾಗ ಏಳು ಬಾರಿಯ ದಾಖಲೆ, ಸಿಬಿಸಿ, ಗೆರೆಗಳ ಹಾಳೆ, ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಪಟ್ಟಿ ಮತ್ತು ಕಳೆದ ನಾಲ್ಕು ತಿಂಗಳಲ್ಲಿ ರಕ್ತ ಪಡೆದಿದ್ದರೆ ಅದರ ದಿನಾಂಕವನ್ನು ಒಯ್ಯಬೇಕು. ಔಷಧಿಯನ್ನು ತಾವಾಗಿ ಹೆಚ್ಚಿಸುವುದೂ ನಿಲ್ಲಿಸುವುದೂ ಸಲ್ಲದು: ಸುಳ್ಳು 8.1ನ್ನು ನಂಬಿ ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಮಾತ್ರೆಯನ್ನು ಏರಿಸಿದರೆ ನಡುರಾತ್ರಿ ಸಕ್ಕರೆ 70ರ ಕೆಳಗೆ ಕುಸಿದು ಬೆವರು, ನಡುಕ, ಗೊಂದಲ ಬರಬಹುದು. ಸುಳ್ಳು 6ನ್ನು ನಂಬಿದರೆ ಕಣ್ಣಿನ ರೆಟಿನಾ ಮತ್ತು ಮೂತ್ರದ ಆಲ್ಬುಮಿನ್ ಪರೀಕ್ಷೆಗಳು ಮುಂದಕ್ಕೆ ಹೋಗುತ್ತಲೇ ಇರುತ್ತವೆ. ರಕ್ತಹೀನತೆ ಸರಿಹೋದ ಮೇಲೆ ಸುಮಾರು ಮೂರು ತಿಂಗಳು ಬಿಟ್ಟು, ಅದೇ ಲ್ಯಾಬಿನಲ್ಲಿ, ಅದೇ ವಿಧಾನದಲ್ಲಿ ಎಚ್‌ಬಿಎ1ಸಿಯನ್ನು ಮತ್ತೆ ಮಾಡಿಸಬಹುದು. ಹಿಮೋಗ್ಲೋಬಿನ್ ರೂಪಾಂತರ ಹುಟ್ಟಿನಿಂದ ಬಂದದ್ದಾದರೆ ಆ ಸಂಗತಿಯನ್ನು ಕಡತದ ಮೊದಲ ಪುಟದಲ್ಲೇ ಬರೆಸಿ, ಮುಂದೆ ಬರುವ ಪ್ರತಿ ವೈದ್ಯರಿಗೂ ತೋರಿಸಬೇಕು.