ಕಾರಿನ ಸಸ್ಪೆನ್ಷನ್ ಬದಲಿಸುವ ಮುನ್ನ: ಯಾವ ದೂರಿಗೆ ಯಾವ ಭಾಗ?

ಗುಂಡಿ ಬಂದರೆ ‘ಧಡ್’ ಎನ್ನುತ್ತದೆ, ತಿರುವಿನಲ್ಲಿ ವಾಲುತ್ತದೆ, ಹಿಂದೆ ಮೂವರು ಕೂತರೆ ಬಾಲ ನೆಲಕ್ಕಿಳಿಯುತ್ತದೆ. ದಿನಬಳಕೆಯ ಕಾರಿನ ಬಗ್ಗೆ ಕೇಳಿಬರುವ ದೂರುಗಳು ಹೆಚ್ಚುಕಮ್ಮಿ ಇಷ್ಟೇ. ಮೂರಕ್ಕೂ ಮದ್ದು ಬೇರೆ ಬೇರೆ. ಆದರೂ ಬಹಳ ಮಂದಿ ಮೊದಲು ಕೊಳ್ಳುವುದು ಕಾರನ್ನು ತಗ್ಗಿಸುವ ಸ್ಪ್ರಿಂಗ್ ಸೆಟ್ಟನ್ನೋ ಎತ್ತರಿಸುವ ಸ್ಪೇಸರನ್ನೋ. ಒಂದು ದೂರು ಹೋಗಿ ಇನ್ನೆರಡು ಹೊಸದಾಗಿ ಹುಟ್ಟುವುದು ಹೀಗೆಯೇ.

ಆಯ್ಕೆಗೆ ಕೂರುವ ಮೊದಲು ಒಂದು ಮಾತು ಗಟ್ಟಿಯಾಗಿ ಹಿಡಿದಿಟ್ಟುಕೊಳ್ಳಿ: ಸಸ್ಪೆನ್ಷನ್ನಿನ ನಿಜವಾದ ಬಂಡವಾಳ ಚಕ್ರ ಮೇಲೆ ಕೆಳಗೆ ಆಡಲು ಇರುವ ಜಾಗ. ಸ್ಪ್ರಿಂಗ್, ಅದರ ಕುಣಿತ ಅಡಗಿಸುವ ಶಾಕ್ (ಶಾಕ್ ಅಬ್ಸಾರ್ಬರ್), ಕೀಲುಗಳಲ್ಲಿ ಕೂರುವ ರಬ್ಬರ್ ಬುಶ್ ಎಲ್ಲವೂ ಆ ಕೆಲವೇ ಸೆಂಟಿಮೀಟರನ್ನು ಹೇಗೆ ಖರ್ಚು ಮಾಡಬೇಕು ಎಂದು ನಿರ್ಧರಿಸುವ ಭಾಗಗಳು. ಯಾವ ಬದಲಾವಣೆಯಾದರೂ ಆ ಜಾಗವನ್ನು ಎಷ್ಟು ತಿನ್ನುತ್ತದೆ ಎಂದು ಮೊದಲು ಕೇಳಬೇಕು.

ಹಂತ 1: ಈಗಿರುವುದು ಸವೆದಿದೆಯೇ ನೋಡಿ

‘ಗಟ್ಟಿ ಸ್ಪ್ರಿಂಗ್ ಬೇಕು’ ಎಂಬ ಕಾರಿಗೆ ಎಷ್ಟೋ ಸಲ ಬೇಕಿರುವುದು ಕಂಪನಿಯ ಅಳತೆಯದೇ ಹೊಸ ಶಾಕ್ ಮತ್ತು ನಾಲ್ಕು ಬುಶ್. ಶಾಕ್ ಸವೆಯುವುದು ದಿನಕ್ಕೊಂದಿಷ್ಟು. ಓಡಿಸುವವರಿಗೆ ಗೊತ್ತೇ ಆಗುವುದಿಲ್ಲ.

ಸದ್ದನ್ನು ಗುರುತಿಸಿ. ಸಣ್ಣ ಉಬ್ಬುತಗ್ಗುಗಳ ಮೇಲೆ ನಿಧಾನ ಹೋಗುವಾಗ ‘ಟಕ್ ಟಕ್’ ಬಂದರೆ ಮೊದಲ ಅನುಮಾನ ಸ್ಟೆಬಿಲೈಸರ್ ಬಾರಿನ (ಎಡಬಲದ ಚಕ್ರಗಳನ್ನು ಜೋಡಿಸಿ ವಾಲಾಟ ತಡೆಯುವ ಸರಳಿನ) ಲಿಂಕ್ ರಾಡ್ ಮೇಲೆ. ಬ್ರೇಕ್ ಹಿಡಿದಾಗ, ಬಿಟ್ಟಾಗ ಒಂದೊಂದೇ ದಪ್ಪ ಸದ್ದು ಬಂದರೆ ಲೋವರ್ ಆರ್ಮಿನ (ಚಕ್ರವನ್ನು ಕೆಳಗಡೆಯಿಂದ ಕಾರಿಗೆ ಜೋಡಿಸುವ ತೋಳಿನ) ಬುಶ್ ಹರಿದಿರಬಹುದು. ನಿಂತಲ್ಲೇ ಸ್ಟೀರಿಂಗ್ ತಿರುಗಿಸುವಾಗ ಸ್ಪ್ರಿಂಗ್ ತಿರುಚಿಕೊಂಡು ‘ಟಣ್’ ಎಂದು ಬಿಟ್ಟುಕೊಂಡರೆ ಸ್ಟ್ರಟ್ಟಿನ (ಸ್ಪ್ರಿಂಗ್, ಶಾಕ್ ಒಂದಾಗಿರುವ ಜೋಡಣೆಯ) ಮೇಲ್ತುದಿಯ ಬೇರಿಂಗ್ ಹಿಡಿದುಕೊಂಡಿದೆ.

ಆಮೇಲೆ ಕಣ್ಣಿನ ಕೆಲಸ. ಶಾಕ್ ಮೈಮೇಲೆ ತೆಳುವಾದ ಎಣ್ಣೆಜಿಡ್ಡು, ಅದರ ಮೇಲೆ ಧೂಳು ಇದ್ದರೆ ಹೆದರಬೇಕಿಲ್ಲ. ಎಣ್ಣೆ ಕೆಳಗಿನವರೆಗೂ ಇಳಿದು ಒದ್ದೆಯಾಗಿದ್ದರೆ ಸೀಲ್ ಹೋಗಿದೆ. ಕಾಯಿಲ್ ಸ್ಪ್ರಿಂಗಿನ ಕೊನೆಯ ಸುತ್ತನ್ನು ಟಾರ್ಚ್ ಹಾಕಿ ನೋಡಿ. ಸ್ಪ್ರಿಂಗ್ ಮುರಿಯುವುದು ಸಾಮಾನ್ಯವಾಗಿ ಅಲ್ಲೇ, ಮುರಿದ ತುಂಡು ಸೀಟಿನಲ್ಲೇ ಕೂತಿರುವುದರಿಂದ ಸುಲಭಕ್ಕೆ ಕಾಣುವುದಿಲ್ಲ. ಟೈರ್ ಮೇಲೆ ಅಂಗೈ ಆಡಿಸಿ: ಸುತ್ತಲೂ ಗುಳಿಗುಳಿಯಾಗಿ, ಅಲೆಅಲೆಯಾಗಿ ಸವೆದಿದ್ದರೆ ಆ ಚಕ್ರ ರಸ್ತೆಯ ಮೇಲೆ ಕುಣಿಯುತ್ತಿದೆ. ಕಾರಿನ ಮೂಲೆಯನ್ನು ಒತ್ತಿ ಬಿಡುವ ಹಳೆಯ ಪರೀಕ್ಷೆ ಪೂರಾ ಸತ್ತ ಶಾಕನ್ನು ಮಾತ್ರ ಹಿಡಿಯುತ್ತದೆ. ಬಿಟ್ಟ ಮೇಲೆ ಎರಡು ಮೂರು ಸಲ ಕುಪ್ಪಳಿಸಿದರೆ ತೀರ್ಮಾನ ಖಚಿತ. ಕುಪ್ಪಳಿಸದಿದ್ದ ಮಾತ್ರಕ್ಕೆ ಶಾಕ್ ಚೆನ್ನಾಗಿದೆ ಎಂದಲ್ಲ.

ಹಂತ 2: ಅಳೆದು ಬರೆದಿಡಿ

ಸಮತಟ್ಟು ನೆಲದಲ್ಲಿ ಕಾರು ನಿಲ್ಲಿಸಿ. ಟೈರಿನ ಗಾಳಿ ಸರಿಯಿರಲಿ, ಟ್ಯಾಂಕ್ ಅರ್ಧ ತುಂಬಿರಲಿ. ಚಕ್ರದ ನಟ್ಟನಡುವಿನಿಂದ ಮೇಲಿನ ಫೆಂಡರ್ ಅಂಚಿನವರೆಗೆ ನಾಲ್ಕೂ ಕಡೆ ಮಿಲಿಮೀಟರಿನಲ್ಲಿ ಅಳೆಯಿರಿ. ನೆಲದಿಂದ ಅಳೆದರೆ ಟೈರಿನ ಸವೆತವೂ ಲೆಕ್ಕಕ್ಕೆ ಸೇರಿಬಿಡುತ್ತದೆ. ಎಡಬಲದ ನಡುವೆ 10 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಒಂದು ಸ್ಪ್ರಿಂಗ್ ಕುಸಿದಿದೆಯೇ, ಮುರಿದಿದೆಯೇ ನೋಡಿ.

ಇನ್ನೊಂದು ಅಳತೆ ಇದಕ್ಕಿಂತ ಮುಖ್ಯ. ಶಾಕಿನ ಡಸ್ಟ್ ಕವರ್ ಮೇಲೆತ್ತಿ, ಹೊಳೆಯುವ ಪಿಸ್ಟನ್ ರಾಡಿಗೆ ತೆಳುವಾದ ಪ್ಲಾಸ್ಟಿಕ್ ಟೈ ಬಿಗಿದು ಕೆಳಗೆ ಸೀಲಿನವರೆಗೆ ಸರಿಸಿ. ಕಾರನ್ನು ಒಂದು ವಾರ ಎಂದಿನಂತೆ ಓಡಿಸಿ. ಚಕ್ರ ಎಷ್ಟು ಮೇಲೇರಿತ್ತು ಎಂಬುದನ್ನು ಆ ಟೈ ತೋರಿಸುತ್ತದೆ. ಅದು ಬಂಪ್ ಸ್ಟಾಪಿನವರೆಗೂ (ಚಕ್ರದ ಏರಿಕೆಯನ್ನು ಕೊನೆಗೆ ತಡೆಯುವ ಮೆತ್ತನೆಯ ತುಂಡಿನವರೆಗೂ) ಹೋಗಿ ನಿಂತಿದ್ದರೆ ಇರುವ ಜಾಗವೆಲ್ಲ ಆಗಲೇ ಬಳಕೆಯಾಗುತ್ತಿದೆ. ಅಂಥ ಕಾರನ್ನು ತಗ್ಗಿಸುವ ಮಾತೇ ಬೇಡ.

ಹಂತ 3: ಟೈರಿನ ಲೆಕ್ಕ ಮುಗಿಸಿ

ಬಾಗಿಲ ಕಂಬದ ಮೇಲೆ ಬರೆದಿರುವುದಕ್ಕಿಂತ 5 ಪಿಎಸ್‌ಐ ಹೆಚ್ಚು ಗಾಳಿ ತುಂಬಿಸಿಕೊಂಡು ಶಾಕನ್ನು ಬೈಯುವುದು ತಪ್ಪು. ದೊಡ್ಡ ರಿಮ್, ಕಿರಿದಾದ ಪಕ್ಕಗೋಡೆಯ ಟೈರ್ ಹಾಕಿಸಿದ್ದರೆ ಗುಂಡಿಯ ಪೆಟ್ಟು ನೇರ ಒಳಗೆ ಬರುತ್ತದೆ. ಅದನ್ನು ಯಾವ ಶಾಕೂ ಪೂರ್ತಿ ಅಳಿಸಲಾರದು.

ಹಂತ 4: ಮೊದಲ ಖರ್ಚು ಶಾಕಿಗೆ

ಕಾರಿನ ಭಾರ ಹೊರುವುದು ಸ್ಪ್ರಿಂಗ್, ಅದರ ಕುಣಿತ ನಿಲ್ಲಿಸುವುದು ಶಾಕ್. ‘ಹೆದ್ದಾರಿಯಲ್ಲಿ ದೋಣಿಯ ಹಾಗೆ ತೇಲುತ್ತದೆ’, ‘ಉಬ್ಬು ದಾಟಿದ ಮೇಲೂ ಓಲಾಡುತ್ತದೆ’ ಎನ್ನುವ ದೂರುಗಳೆಲ್ಲ ಶಾಕಿಗೆ ಸೇರಿದವು. ದಿನಬಳಕೆಯ ಕಾರಿಗೆ ಒಂದೇ ಒಂದು ಬದಲಾವಣೆ ಮಾಡುವುದಾದರೆ, ಮೂಲ ಸ್ಪ್ರಿಂಗಿಗೆ ಹೊಂದುವ ಒಳ್ಳೆಯ ಶಾಕ್ ಹಾಕಿಸುವುದೇ ಸರಿ. ಎತ್ತರ ಬದಲಾಗುವುದಿಲ್ಲ, ಜಾಗ ಕಳೆಯುವುದಿಲ್ಲ, ಹಿಡಿತ ಮಾತ್ರ ಹೆಚ್ಚುತ್ತದೆ.

ಟ್ವಿನ್ ಟ್ಯೂಬ್, ಮಾನೋಟ್ಯೂಬ್ ಎಂದು ಎರಡು ಬಗೆ. ಟ್ವಿನ್ ಟ್ಯೂಬಿನಲ್ಲಿ ಕೊಳವೆಯೊಳಗೊಂದು ಕೊಳವೆ. ಎಣ್ಣೆ ಎರಡರ ನಡುವೆ ಓಡಾಡುತ್ತದೆ, ಅನಿಲದ ಒತ್ತಡ ಕಡಿಮೆ. ಮೆತ್ತಗಿರುತ್ತದೆ, ಹೊರಮೈಗೆ ಕಲ್ಲು ಬಡಿದು ಸಣ್ಣ ತಗ್ಗು ಬಿದ್ದರೂ ಕೆಲಸ ಮಾಡುತ್ತದೆ. ಮಾನೋಟ್ಯೂಬಿನಲ್ಲಿ ಕೊಳವೆ ಒಂದೇ. ತೇಲುವ ಪಿಸ್ಟನ್ನಿನ ಆಚೆ ಸುಮಾರು 20ರಿಂದ 30 ಬಾರ್ ಒತ್ತಡದ ನೈಟ್ರೋಜನ್ ಇರುತ್ತದೆ. ಎಣ್ಣೆ ನೊರೆಯಾಗುವುದಿಲ್ಲ, ಬಿಸಿ ಬೇಗ ಹೊರಹೋಗುತ್ತದೆ. ಹಾಗಾಗಿ ಕೆಟ್ಟ ರಸ್ತೆಯಲ್ಲಿ ಗಂಟೆಗಟ್ಟಲೆ ಓಡಿದರೂ ಹಿಡಿತ ಕುಗ್ಗದು. ಆದರೆ ಕೊಳವೆಗೆ ತಗ್ಗು ಬಿದ್ದರೆ ಪಿಸ್ಟನ್ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಒಳಗಿನ ಒತ್ತಡಕ್ಕೆ ಕಾರು ಕೆಲವು ಮಿಲಿಮೀಟರ್ ಮೇಲೇಳುವುದೂ ಉಂಟು. ಊರೊಳಗಿನ ಓಡಾಟವೇ ಹೆಚ್ಚಾಗಿದ್ದರೆ ಒಳ್ಳೆಯ ಟ್ವಿನ್ ಟ್ಯೂಬ್ ಸಾಕು ಎಂಬುದು ನಮ್ಮ ಅಭಿಪ್ರಾಯ.

ಕ್ಲಿಕ್ ತಿರುಗಿಸಿ ಗಡಸು ಹೊಂದಿಸುವ ಶಾಕ್ ಕೊಂಡರೆ ‘ಹೆಚ್ಚು ಗಟ್ಟಿ ಎಂದರೆ ಹೆಚ್ಚು ಹಿಡಿತ’ ಎಂದು ನಂಬಬೇಡಿ. ರಿಬೌಂಡ್, ಅಂದರೆ ಒತ್ತಿದ ಸ್ಪ್ರಿಂಗ್ ಬಿಚ್ಚಿಕೊಳ್ಳುವ ವೇಗದ ಮೇಲಿನ ತಡೆ ಅತಿಯಾದರೆ, ಮೊದಲ ಉಬ್ಬಿಗೆ ಮೇಲೇರಿದ ಚಕ್ರ ಎರಡನೆಯದು ಬರುವಷ್ಟರಲ್ಲಿ ಕೆಳಗೆ ಇಳಿದಿರುವುದಿಲ್ಲ. ನಾಲ್ಕಾರು ಉಬ್ಬು ಸಾಲಾಗಿ ಬಂದರೆ ಕಾರು ಹಂತಹಂತವಾಗಿ ಕುಸಿಯುತ್ತಾ ಕೊನೆಗೆ ಬಂಪ್ ಸ್ಟಾಪಿನ ಮೇಲೆ ಕೂರುತ್ತದೆ. ‘ಸ್ಪ್ರಿಂಗ್ ಗಟ್ಟಿ’ ಎಂದು ಅನ್ನಿಸುವುದು ಆಗಲೇ. ತೀರ ಮೆತ್ತಗಿನ ಸ್ಥಾನದಿಂದ ಶುರುಮಾಡಿ, ಒಂದೇ ರಸ್ತೆಯಲ್ಲಿ ಓಡಿಸುತ್ತಾ ಎರಡೆರಡು ಕ್ಲಿಕ್ ಏರಿಸಿ. ಓಲಾಟ ನಿಂತ ಕಡೆ ಬಿಟ್ಟುಬಿಡಿ.

ಹಂತ 5: ಸ್ಪ್ರಿಂಗ್ ಬದಲಿಸಬೇಕೇ? ಲೆಕ್ಕ ಹಾಕಿ

ಒಂದು ಮೂಲೆಯಲ್ಲಿ ಸ್ಪ್ರಿಂಗ್ ಹೊರುವ ತೂಕ 300 ಕೆ.ಜಿ., ಚಕ್ರದ ಬಳಿ ಅದರ ಗಡಸು ಪ್ರತಿ ಮಿಲಿಮೀಟರಿಗೆ 20 ನ್ಯೂಟನ್ ಎಂದುಕೊಳ್ಳಿ. ಆ ಮೂಲೆ ಸೆಕೆಂಡಿಗೆ ಸುಮಾರು 1.3 ಸಲ ಮೇಲೆ ಕೆಳಗೆ ತೂಗಾಡುತ್ತದೆ. ಆರಾಮದ ಕಾರುಗಳು 1ರಿಂದ 1.5ರ ನಡುವೆ ಇರುತ್ತವೆ. ಗಡಸನ್ನು 30ಕ್ಕೆ ಏರಿಸಿದರೆ ಇದು 1.6ಕ್ಕೆ ಹೋಗುತ್ತದೆ, ಕೂತವರಿಗೆ ವ್ಯತ್ಯಾಸ ಮೊದಲ ತಿರುವಿನಲ್ಲೇ ಗೊತ್ತಾಗುತ್ತದೆ, ಮೊದಲ ಗುಂಡಿಯಲ್ಲೂ ಗೊತ್ತಾಗುತ್ತದೆ. ಮಾರುವವರು ಹೇಳುವ ಗಡಸು ಸ್ಪ್ರಿಂಗಿನದು, ಚಕ್ರದ್ದಲ್ಲ. ಸ್ಪ್ರಿಂಗ್ ಚಕ್ರದಿಂದ ಒಳಗಡೆ ಕೂತಷ್ಟೂ ಚಕ್ರಕ್ಕೆ ಸಿಗುವ ಗಡಸು ಕಡಿಮೆ, ಅದೂ ವರ್ಗದ ಲೆಕ್ಕದಲ್ಲಿ: ಚಕ್ರ 10 ಮಿ.ಮೀ. ಏರಿದಾಗ ಸ್ಪ್ರಿಂಗ್ 7 ಮಿ.ಮೀ. ಮಾತ್ರ ಒತ್ತಿದರೆ, ಚಕ್ರದ ಬಳಿ ಸಿಗುವುದು ಅರ್ಧದಷ್ಟೇ.

ಈಗ ತಗ್ಗಿಸುವ ಸ್ಪ್ರಿಂಗಿಗೆ ಬನ್ನಿ. ಬಂಪ್ ಸ್ಟಾಪ್ ತಾಗುವ ಮೊದಲು 60 ಮಿ.ಮೀ. ಜಾಗವಿತ್ತು, ಕಾರನ್ನು 40 ಮಿ.ಮೀ. ಇಳಿಸಿದಿರಿ, ಉಳಿದದ್ದು 20. ಅದೇ ಗುಂಡಿಯ ಅದೇ ಪೆಟ್ಟನ್ನು ಆ 20ರೊಳಗೆ ಸ್ಪ್ರಿಂಗ್ ಒಂದೇ ನುಂಗಬೇಕಾದರೆ ಅದು ಒಂಬತ್ತು ಪಟ್ಟು ಗಡುಸಾಗಿರಬೇಕು. ಅಷ್ಟು ಗಡಸು ಯಾರೂ ಮಾಡುವುದಿಲ್ಲ. ಬಾಕಿ ಪೆಟ್ಟು ಬಂಪ್ ಸ್ಟಾಪ್, ಶಾಕಿನ ತುದಿ, ಬಾಡಿಯ ಪಾಲು. ತಗ್ಗಿಸಿದ ಕಾರಿನಲ್ಲಿ ಶಾಕ್ ಬೇಗ ಸಾಯುವುದಕ್ಕೆ ಕಾರಣ ಇದೇ. 20–25 ಮಿ.ಮೀ. ದಾಟಿದರೆ ಮೂಲ ಶಾಕ್ ಸಾಲದು. ಮೈ ಗಿಡ್ಡವಾದ, ತಗ್ಗಿಸಿದ ಕಾರಿಗೆಂದೇ ಮಾಡಿದ ಶಾಕ್ ಬೇಕು. ಗಡಸು 30 ಶೇಕಡ ಏರಿದರೆ ಕುಣಿತ ಅಡಗಿಸಲು ಶಾಕಿನ ಹಿಡಿತವೂ ಸುಮಾರು 14 ಶೇಕಡ ಏರಬೇಕು. ಹಳೆಯ ಶಾಕ್ ಈಗಾಗಲೇ ಅಷ್ಟನ್ನು ಕಳೆದುಕೊಂಡಿರುತ್ತದೆ.

ಇನ್ನೊಂದು ಪೆಟ್ಟು ಕಣ್ಣಿಗೆ ಕಾಣದು. ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ ಇರುವ ಕಾರನ್ನು ಇಳಿಸಿದರೆ, ಅದು ವಾಲುವಾಗ ತಿರುಗುವ ಕೇಂದ್ರ ಕಾರಿನ ಭಾರಕೇಂದ್ರಕ್ಕಿಂತ ಬೇಗ ಕೆಳಗಿಳಿಯುತ್ತದೆ. ಎರಡರ ನಡುವಿನ ಅಂತರ ಹೆಚ್ಚಿ, ಅದೇ ತಿರುವಿನಲ್ಲಿ ವಾಲಿಸುವ ಬಲವೂ ಹೆಚ್ಚುತ್ತದೆ. ಹೊಸ ಸ್ಪ್ರಿಂಗಿನ ಗಡಸಿನ ಒಂದು ಪಾಲು ಈ ನಷ್ಟ ತುಂಬಲಿಕ್ಕೇ ಹೋಗುತ್ತದೆ. ಕಾರು ನೆಲದ ಮೇಲಿರುವಾಗ ಲೋವರ್ ಆರ್ಮ್ ನೋಡಿ: ಚಕ್ರದ ಕಡೆಯ ತುದಿ ಒಳತುದಿಗಿಂತ ಮೇಲೆ ನಿಂತಿದ್ದರೆ ಇಳಿಸಿದ್ದು ಅತಿಯಾಗಿದೆ.

ಸ್ಪ್ರಿಂಗಿನ ಸುತ್ತುಗಳನ್ನು ಕತ್ತರಿಸಿ ತಗ್ಗಿಸುವವರಿದ್ದಾರೆ. ದಯವಿಟ್ಟು ಬೇಡ. ಕತ್ತರಿಸಿದ ತುದಿ ಸೀಟಿನಲ್ಲಿ ಸರಿಯಾಗಿ ಕೂರದು. ಚಕ್ರ ಪೂರ್ತಿ ಕೆಳಗೆ ಜೋತುಬಿದ್ದಾಗ ಸ್ಪ್ರಿಂಗ್ ಸಡಿಲಾಗಿ ಜಾಗ ಬಿಟ್ಟು ಹೊರಬರಬಹುದು.

ಹಂತ 6: ಎತ್ತರ ಮತ್ತು ಹೊರೆ

ಸ್ಪ್ರಿಂಗ್ ಸುತ್ತುಗಳ ನಡುವೆ ತುರುಕುವ ರಬ್ಬರ್ ತುಂಡು ಕಾರನ್ನು ಎತ್ತುತ್ತದೆ ನಿಜ. ಆದರೆ ಅದು ಒಂದೆರಡು ಸುತ್ತನ್ನು ಕೆಲಸದಿಂದ ಕಿತ್ತುಹಾಕಿ ಉಳಿದ ಸುತ್ತುಗಳ ಮೇಲೆ ಒತ್ತಡ ಹೇರುತ್ತದೆ. ರಬ್ಬರ್ ಉಜ್ಜಿ ಬಣ್ಣ ಹೋದ ಕಡೆ ತುಕ್ಕು ಹಿಡಿದು ಅಲ್ಲೇ ಮುರಿಯುತ್ತದೆ. ಸ್ಟ್ರಟ್ ಮೇಲಿಡುವ ಸ್ಪೇಸರ್ 20 ಮಿ.ಮೀ. ಒಳಗಿದ್ದರೆ ಸಾಮಾನ್ಯವಾಗಿ ತೊಂದರೆ ಕಡಿಮೆ. ಅದರಾಚೆ ಡ್ರೈವ್ ಶಾಫ್ಟಿನ ಜಾಯಿಂಟ್ ಕೋನ, ಬ್ರೇಕ್ ಹೋಸಿನ ಉದ್ದ, ಬಾಲ್ ಜಾಯಿಂಟಿನ ಬಾಗು ಮೂರನ್ನೂ ಚಕ್ರವನ್ನು ಪೂರ್ತಿ ಕೆಳಗೆ ಜೋತುಬಿಟ್ಟು ನೋಡಬೇಕು.

ಹಿಂಭಾಗ ಹೊರೆಗೆ ಕುಸಿಯುವುದೊಂದೇ ದೂರಾಗಿದ್ದರೆ, ಕಾಯಿಲ್ ಒಳಗೆ ಕೂರಿಸುವ ಗಾಳಿಚೀಲ ಜಾಣ ಆಯ್ಕೆ. ಹೊರೆಯಿದ್ದಾಗ ತುಂಬಿಸಿ, ಖಾಲಿಯಿದ್ದಾಗ ತಯಾರಕರು ಹೇಳಿದ ಕನಿಷ್ಠ ಒತ್ತಡಕ್ಕೆ ಇಳಿಸಿ. ಅದಕ್ಕಿಂತ ಕೆಳಗಿಳಿಸಿದರೆ ಚೀಲ ಮಡಿಚಿ ಹರಿಯುತ್ತದೆ. ಗಾಳಿಚೀಲ ಹಾಕಿದ ಮಾತ್ರಕ್ಕೆ ಕಾರು ಹೊರಬಹುದಾದ ಗರಿಷ್ಠ ತೂಕ ಹೆಚ್ಚುವುದಿಲ್ಲ. ಆಕ್ಸಲ್, ಬ್ರೇಕ್, ಟೈರ್ ಹಳೆಯವೇ.

ಹಂತ 7: ವಾಲಾಟಕ್ಕೆ ಬಾರ್, ಸಡಿಲಕ್ಕೆ ಬುಶ್

ತಿರುವಿನಲ್ಲಿ ವಾಲುವುದು ಮಾತ್ರ ಬೇಸರವಾದರೆ ಸ್ಪ್ರಿಂಗ್ ಮುಟ್ಟಬೇಡಿ, ದಪ್ಪ ಸ್ಟೆಬಿಲೈಸರ್ ಬಾರ್ ಹಾಕಿ. ಬಾರಿನ ಗಡಸು ವ್ಯಾಸದ ನಾಲ್ಕನೇ ಘಾತದಂತೆ ಏರುತ್ತದೆ: 18 ಮಿ.ಮೀ. ಬದಲು 20 ಹಾಕಿದರೆ ಗಡಸು 52 ಶೇಕಡ ಹೆಚ್ಚು. ಹಾಗಾಗಿ 2 ಮಿ.ಮೀ. ಎಂದರೆ ಸಣ್ಣದೆನ್ನಬೇಡಿ. ಮುಂದೆ ದಪ್ಪ ಮಾಡಿದರೆ ಮೂಗು ತಿರುವಿನಿಂದ ಹೊರಗೆ ಜಾರುವ ಗುಣ ಹೆಚ್ಚುತ್ತದೆ. ಹಿಂದೆ ದಪ್ಪ ಮಾಡಿದರೆ ಮೂಗು ಚುರುಕಾಗುತ್ತದೆ, ಅತಿಯಾದರೆ ಒದ್ದೆ ರಸ್ತೆಯಲ್ಲಿ ಬಾಲ ಹೊರಳುತ್ತದೆ. ಮನೆಮಂದಿಯೆಲ್ಲ ಓಡಿಸುವ ಕಾರಿಗೆ ಒಂದು ಅಳತೆಯಷ್ಟೇ ಮೇಲೆ ಹೋಗಿ.

ಬುಶ್ ವಿಚಾರದಲ್ಲಿ ಹೊಸ ರಬ್ಬರೇ ಬಹುತೇಕರಿಗೆ ಸಾಕು. ಪಾಲಿಯುರೆಥೇನ್ ಬಾಳಿಕೆ ಬರುತ್ತದೆ, ಆದರೆ ಕಂಪನ ಒಳಗೆ ಬಿಡುತ್ತದೆ, ಗ್ರೀಸ್ ಒಣಗಿದರೆ ಕಿರುಗುಟ್ಟುತ್ತದೆ. ಮೊದಲು ಸ್ಟೆಬಿಲೈಸರ್ ಬಾರಿನ ಬುಶ್ ಬದಲಿಸಿ ನೋಡಿ; ಲಾಭ ಹೆಚ್ಚು, ಕಿರಿಕಿರಿ ಕಡಿಮೆ.

ಕಾಯಿಲೋವರ್ (ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್-ಶಾಕ್ ಜೋಡಿ) ಸೆಟ್ಟಿಗೆ ಹೋಗುವವರು ಸ್ಪ್ರಿಂಗ್ ಸೀಟಿನಿಂದ ಎತ್ತರ ಬದಲಿಸುವುದನ್ನು ಬಿಟ್ಟು, ಕೆಳಗಿನ ಬ್ರಾಕೆಟ್ಟಿನಿಂದ ಮೈಯ ಉದ್ದ ಬದಲಿಸುವಂಥದ್ದನ್ನು ಆರಿಸಲಿ. ಎತ್ತರ ಬದಲಾದರೂ ಪಿಸ್ಟನ್ನಿನ ಓಟ ಕಡಿಮೆಯಾಗುವುದಿಲ್ಲ. ಚಕ್ರ ಮೇಲೇರಿದಾಗ ಟೈರ್ ಒಳಗೋಡೆಗೆ ತಾಗದಂತೆ ಮಾತ್ರ ನೋಡಿಕೊಳ್ಳಬೇಕು. ಕೆಸರು, ಉಪ್ಪು ಮೆತ್ತುವ ರಸ್ತೆಯಲ್ಲಿ ಅದರ ತಿರುಪಿನ ಮರೆ (ಥ್ರೆಡ್) ಹಿಡಿದುಕೊಳ್ಳುತ್ತದೆ; ವರ್ಷಕ್ಕೊಮ್ಮೆ ತೊಳೆದು ಎಣ್ಣೆ ಹಚ್ಚುವ ವ್ಯವಧಾನವಿಲ್ಲದಿದ್ದರೆ ಈ ಖರ್ಚು ಬೇಡ.

ಹಂತ 8: ಜೋಡಿಸುವಾಗ ನಿಂತು ನೋಡಿ

ಭಾಗಗಳನ್ನು ಒಂದೇ ಆಕ್ಸಲಿನ ಎರಡೂ ಕಡೆ ಒಟ್ಟಿಗೆ ಬದಲಿಸಬೇಕು. ಸ್ಟ್ರಟ್ ಬಿಚ್ಚಿದ ಮೇಲೆ ಟಾಪ್ ಮೌಂಟ್, ಬೇರಿಂಗ್, ಬಂಪ್ ಸ್ಟಾಪ್, ಡಸ್ಟ್ ಕವರ್ ಹೊಸತೇ ಹಾಕಿ. ಉಳಿಸಿದ ಹಣಕ್ಕಿಂತ ಎರಡನೇ ಸಲ ಬಿಚ್ಚುವ ಕೂಲಿ ಹೆಚ್ಚು.

ಒತ್ತಿದ ಸ್ಪ್ರಿಂಗ್ ಕೈಕಾಲು ಮುರಿಯಬಲ್ಲದು. ಸ್ಪ್ರಿಂಗ್ ಒತ್ತಿ ಹಿಡಿಯುವ ಎರಡು ಕೊಕ್ಕೆ-ಕಂಪ್ರೆಸರುಗಳನ್ನು ಎದುರುಬದುರು ಹಾಕಿ, ಎರಡನ್ನೂ ಸರದಿಯ ಮೇಲೆ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಸ್ಪ್ರಿಂಗ್ ಸೀಟಿನಿಂದ ಸಡಿಲಾದದ್ದು ಕಣ್ಣಿಗೆ ಕಂಡ ಮೇಲಷ್ಟೇ ಮೇಲಿನ ನಟ್ ಬಿಚ್ಚುವುದು. ಹೊಸ ಟ್ವಿನ್ ಟ್ಯೂಬ್ ಶಾಕನ್ನು ನೆಟ್ಟಗೆ ಹಿಡಿದು ನಾಲ್ಕೈದು ಸಲ ಪೂರ್ತಿ ಒತ್ತಿ ಎಳೆದು ಒಳಗಿನ ಗಾಳಿ ಬಿಡಿಸಿ. ಪಿಸ್ಟನ್ ರಾಡನ್ನು ಇಕ್ಕಳದಲ್ಲಿ ಹಿಡಿಯಬಾರದು. ಅಲ್ಲಿ ಬಿದ್ದ ಒಂದು ಗೀರು ಸೀಲನ್ನು ಕೊಯ್ಯುತ್ತದೆ. ಮೇಲಿನ ನಟ್ಟಿಗೆ ಇಂಪ್ಯಾಕ್ಟ್ ಗನ್ ಹಾಕಿದರೆ ರಾಡ್ ಗಿರ್ರನೆ ತಿರುಗಿ ಒಳಗಿನ ಪಿಸ್ಟನ್ ಸಡಿಲಾಗಬಹುದು. ಬ್ರೇಕ್ ಕ್ಯಾಲಿಪರನ್ನು ಹೋಸಿನಿಂದ ನೇತುಬಿಡದೆ ತಂತಿಯಿಂದ ಕಟ್ಟಬೇಕು.

ಗ್ಯಾರೇಜುಗಳಲ್ಲಿ ತೀರ ಹೆಚ್ಚಾಗಿ ನಡೆಯುವ ತಪ್ಪು ಇದು: ಕಾರು ಲಿಫ್ಟ್ ಮೇಲಿದ್ದು ಚಕ್ರ ಜೋತಾಡುತ್ತಿರುವಾಗಲೇ ಲೋವರ್ ಆರ್ಮಿನ ರಬ್ಬರ್ ಬುಶ್ ಬೋಲ್ಟ್ ಬಿಗಿದುಬಿಡುವುದು. ಕಾರು ಇಳಿದಾಗ ಬುಶ್ ಸದಾ ತಿರುಚಿಕೊಂಡೇ ಇದ್ದು ಕೆಲವೇ ತಿಂಗಳಲ್ಲಿ ಹರಿಯುತ್ತದೆ, ಎತ್ತರವೂ ತಪ್ಪುತ್ತದೆ. ಕೊನೆಯ ಬಿಗಿತ ಚಕ್ರದ ಮೇಲೆ ಕಾರಿನ ಭಾರ ಬಿದ್ದ ಮೇಲೆ, ಟಾರ್ಕ್ ರೆಂಚಿನಿಂದ, ಕೈಪಿಡಿಯ ಲೆಕ್ಕಕ್ಕೆ.

ಹಂತ 9: ಅಲೈನ್‌ಮೆಂಟ್, ಮರುಪರೀಕ್ಷೆ

ಎತ್ತರ ಬದಲಾದರೆ ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಗೋ ಹೊರಗೋ ತಿರುಗಿರುವ ಕೋನ) ಮತ್ತು ಕ್ಯಾಂಬರ್ (ಎದುರಿನಿಂದ ನೋಡಿದಾಗ ಚಕ್ರ ವಾಲಿರುವ ಕೋನ) ಎರಡೂ ಬದಲಾಗುತ್ತವೆ. ಟೈರನ್ನು ಬೇಗ ತಿನ್ನುವುದು ತಪ್ಪಿದ ಟೋ. ಜೋಡಿಸಿದ ದಿನವೇ ಒಮ್ಮೆ ಅಲೈನ್‌ಮೆಂಟ್ ಮಾಡಿಸಿ, ಸ್ಪ್ರಿಂಗ್ ಕೂತ ಮೇಲೆ, ಅಂದರೆ ಸುಮಾರು 500 ಕಿ.ಮೀ. ಆದ ಮೇಲೆ ಇನ್ನೊಮ್ಮೆ. ಹೆಡ್‌ಲೈಟ್ ಗುರಿ ಸರಿಮಾಡಿಸಿ. ಗಾಜಿನ ಹಿಂದೆ ಕ್ಯಾಮೆರಾ ಅಥವಾ ಮುಂದೆ ರೇಡಾರ್ ಇರುವ ಕಾರಾದರೆ ಅದಕ್ಕೂ ಮರುಹೊಂದಿಕೆ ಬೇಕೇ ಎಂದು ತಯಾರಕರ ಸೂಚನೆ ನೋಡಿ. ವಿಮೆ, ನೋಂದಣಿ ನಿಯಮಗಳಿಗೆ ಈ ಬದಲಾವಣೆ ಒಪ್ಪುತ್ತದೆಯೇ ಎಂದು ಮಾತ್ರ ಹಣ ಕೊಡುವ ಮೊದಲೇ ವಿಚಾರಿಸಿಕೊಳ್ಳಬೇಕು.

ಅದೇ 500 ಕಿ.ಮೀ. ಹೊತ್ತಿಗೆ ಎಲ್ಲ ಬೋಲ್ಟುಗಳ ಬಿಗಿತ ನೋಡಿ, ನಾಲ್ಕೂ ಮೂಲೆಯ ಎತ್ತರವನ್ನು ಹಳೆಯ ಪಟ್ಟಿಯ ಜೊತೆ ಹೋಲಿಸಿ, ಪಿಸ್ಟನ್ ರಾಡಿಗೆ ಮತ್ತೊಂದು ಟೈ ಬಿಗಿದು ಮೊದಲಿನ ರಸ್ತೆಯಲ್ಲೇ ಒಂದು ವಾರ ಓಡಿಸಿ. ಟೈ ಬಂಪ್ ಸ್ಟಾಪಿಗೆ ತಾಗಿ ನಿಂತಿದ್ದರೆ ಎತ್ತರ 10 ಮಿ.ಮೀ. ಏರಿಸಿ, ಇಲ್ಲವೇ ರಿಬೌಂಡ್ ಎರಡು ಕ್ಲಿಕ್ ಇಳಿಸಿ. ಬಳಿಕ ಇನ್ನೊಂದು ವಾರ ನೋಡಿ.