ಒಪ್ಪದ ಡ್ರೆಸ್ಸನ್ನು ಒಪ್ಪಿಸಿಕೊಳ್ಳುವ ಬಗೆ

ಬಟ್ಟೆ ಚೆನ್ನಾಗಿದೆ, ಹೊಲಿಗೆ ಗಟ್ಟಿ ಇದೆ, ದುಡ್ಡೂ ಕೊಟ್ಟಾಗಿದೆ. ಆದರೂ ಹಾಕಿಕೊಂಡು ಕನ್ನಡಿ ಮುಂದೆ ನಿಂತರೆ ಮುಖ ಸಪ್ಪಗಾಗುತ್ತದೆ. ಅಂಥದ್ದೊಂದು ಡ್ರೆಸ್ ಪ್ರತಿಯೊಬ್ಬರ ಕಪಾಟಿನಲ್ಲೂ ಇದ್ದೇ ಇರುತ್ತದೆ. ಆಯೇರಿಯಲ್ಲಿ, ಅಂದರೆ ಮದುವೆ-ಮುಂಜಿಯ ಉಡುಗೊರೆಯಾಗಿ ಬಂದದ್ದಿರಬಹುದು, ಫೋನಿನಲ್ಲಿ ಫೋಟೋ ನೋಡಿ ತರಿಸಿ ವಾಪಸ್ ಕಳಿಸುವ ದಿನ ದಾಟಿಹೋದದ್ದಿರಬಹುದು. ಬೇರೆಯವರಿಗೆ ದಾಟಿಸುವ ಮುಂಚೆ ಒಂದು ಸಂಜೆ ಅದಕ್ಕೆ ಕೊಡಿ.

ಮೊದಲು ದೋಷ ಎಲ್ಲಿದೆ ಅಂತ ಹುಡುಕಬೇಕು. ಡ್ರೆಸ್ ಹಾಕಿಕೊಂಡು ಹತ್ತು ಹೆಜ್ಜೆ ದೂರದಿಂದ ಮುಂದಿನದೊಂದು, ಪಕ್ಕದ್ದೊಂದು ಫೋಟೋ ತೆಗೆಸಿಕೊಳ್ಳಿ. ಆ ಫೋಟೋದ ಮೇಲೆ ಬೆರಳಿಟ್ಟು ಕುತ್ತಿಗೆಯ ಭಾಗ, ನಡುವಿನ ಭಾಗ, ಕೆಳಗಿನ ಅಂಚು ಒಂದೊಂದಾಗಿ ಮುಚ್ಚುತ್ತಾ ಹೋಗಿ. ಯಾವುದನ್ನು ಮುಚ್ಚಿದಾಗ ಉಳಿದದ್ದು ಚೆಂದ ಕಾಣುತ್ತದೋ ಅಲ್ಲೇ ತಕರಾರು ಇರುವುದು. ಮುಖಕ್ಕೆ ಹೊಂದದ ಬಣ್ಣ, ನಡುವೇ ಕಾಣದ ಸಡಿಲು, ತಪ್ಪು ಜಾಗದಲ್ಲಿ ನಿಂತ ಅಂಚು, ಹೆಚ್ಚಾಗಿ ಈ ಮೂರರಲ್ಲಿ ಒಂದು. ಅದೊಂದನ್ನೇ ಸರಿಪಡಿಸಿ. ಬೆಲ್ಟು, ಸರ, ಓಢಣಿ, ಜಾಕೀಟು ಎಲ್ಲ ಒಟ್ಟಿಗೆ ಹೇರಿಕೊಂಡರೆ ಜಾತ್ರೆಯ ಅಂಗಡಿ ಆಗುತ್ತೀರಿ.

ಭುಜದ ಹೊಲಿಗೆ ತೋಳಿನ ಮೇಲೆ ಇಳಿದಿದ್ದರೆ, ಕಂಕುಳ ಬಿಗಿದಿದ್ದರೆ ಯಾವ ಸರವೂ ಅದನ್ನು ಮುಚ್ಚುವುದಿಲ್ಲ, ಟೇಲರ್ ಹತ್ತಿರವೇ ಹೋಗಬೇಕು. ಬಟ್ಟೆ ಮೈಗೆ ಅಂಟುತ್ತಿದ್ದರೆ ಒಳಗೆ ಒಂದು ಕಾಟನ್ ಸ್ಲಿಪ್ ಹಾಕಿ ನೋಡಿ. ಎಷ್ಟೋ ಸಲ ಅಷ್ಟಕ್ಕೇ ಕೆಲಸ ಮುಗಿದುಹೋಗುತ್ತದೆ.

ನಡುವಿನ ಮಾತಿಗೆ ಬರೋಣ. ನನ್ನ ತಮ್ಮನ ಮಗಳಿಗೆ ಸಾಸಿವೆ ಬಣ್ಣದ ಉದ್ದನೆಯ ಗೌನ್ ಒಂದಿತ್ತು. "ಅತ್ತಿ, ಇದ್ರಾಗ ನಾ ತೊಗರಿ ಚೀಲ ಕಂಡಂಗ ಕಾಣ್ತೀನಿ" ಅಂದಳು. ಸುಳ್ಳೇನಲ್ಲ, ಭುಜದಿಂದ ಪಾದದವರೆಗೆ ಒಂದೇ ಅಳತೆ. ಸವೆದುಹೋದ ಇಳಕಲ್ ಸೀರೆ ಮನೆಯಲ್ಲಿತ್ತು, ಸೆರಗು ಮಾತ್ರ ಇನ್ನೂ ಗಟ್ಟಿ. ಆ ಕೆಂಪು ಸೆರಗಿನಿಂದ ಎಂಟು ಇಂಚು ಅಗಲದ ಪಟ್ಟಿ ಕತ್ತರಿಸಿ, ಉದ್ದಕ್ಕೆ ಜೋಡಿಸಿ, ಒಳಗೆ ತೆಳು ಕ್ಯಾನ್ವಾಸ್ ಇಟ್ಟು ಮಡಚಿ ಹೊಲಿದರೆ ಮೂರೂವರೆ ಇಂಚಿನ ನಡುಪಟ್ಟಿ ಆಯಿತು. ಉದ್ದ ಎಷ್ಟಿರಬೇಕೆಂದರೆ ನಡುವಿನ ಸುತ್ತಳತೆ, ಅದರ ಮೇಲೆ ಕಟ್ಟಿ ಇಳಿಬಿಡಲು ಒಂದು ಗಜ. ಕ್ಯಾನ್ವಾಸ್ ಸುತ್ತಳತೆಯಷ್ಟಕ್ಕೆ ಮಾತ್ರ ಸಾಕು, ತುದಿಗಳಿಗೆ ಬೇಡ, ಇಲ್ಲದಿದ್ದರೆ ಗಂಟು ದಪ್ಪಗಾಗಿ ಎದ್ದು ನಿಲ್ಲುತ್ತದೆ. ಕಟ್ಟುವಾಗ ಮುಂದಿನ ಸಡಿಲನ್ನೆಲ್ಲ ಎರಡೂ ಪಕ್ಕದಿಂದ ಬೆನ್ನ ಕಡೆಗೆ ತಳ್ಳಿ ನಿರಿಗೆ ಮಾಡಿ, ಆಮೇಲೆ ಪಟ್ಟಿ ಸುತ್ತಬೇಕು. ಮುಂದೆ ಸಪಾಟು, ನಿರಿಗೆ ಹಿಂದೆ.

ಪಟ್ಟಿ ಎಲ್ಲಿ ಕೂಡಬೇಕು ಅನ್ನುವುದು ಮುಖ್ಯ. ಹೊಟ್ಟೆ ಇದ್ದವರು ಹೊಕ್ಕುಳ ಮೇಲೆ ಕಟ್ಟಬಾರದು, ಎದೆಯ ಕೆಳಗೆ ಪಕ್ಕೆಲುಬಿನ ಸಣ್ಣ ಜಾಗದಲ್ಲಿ ಕಟ್ಟಬೇಕು. ಕುಳ್ಳಗಿದ್ದವರಿಗೆ ಡ್ರೆಸ್ಸಿನ ಬಣ್ಣದ್ದೇ ಪಟ್ಟಿ ಒಳ್ಳೆಯದು, ಎದುರು ಬಣ್ಣದ್ದು ಮೈಯನ್ನು ಎರಡು ತುಂಡು ಮಾಡಿ ತೋರಿಸುತ್ತದೆ. ನಮ್ಮ ಹುಡುಗಿ ಎತ್ತರ ಇದ್ದಾಳೆ, ಅವಳಿಗೆ ಕೆಂಪು ಒಪ್ಪಿತು. ಮದುವೆ ಮನೆಗಾದರೆ ಅದೇ ಜಾಗದಲ್ಲಿ ಡಾಬು ಹಾಕಿಕೊಳ್ಳಬಹುದು, ಆಗ ಕುತ್ತಿಗೆ ಖಾಲಿ ಇರಲಿ.

ಬಣ್ಣವೇ ಮುಖಕ್ಕೆ ಹೊಂದದಿದ್ದರೆ ಮುಖದ ಹತ್ತಿರ ಬೇರೆ ಬಣ್ಣ ತರಬೇಕು, ಅದಕ್ಕೆ ಓಢಣಿಯಷ್ಟು ಸುಲಭದ್ದು ಇನ್ನೊಂದಿಲ್ಲ. ಮನೆಯಲ್ಲಿರುವ ನಾಲ್ಕೈದು ಬಣ್ಣದ ಬಟ್ಟೆಗಳನ್ನು ಹಗಲು ಬೆಳಕಿನಲ್ಲಿ ಗದ್ದದ ಕೆಳಗೆ ಹಿಡಿದು ನೋಡಿ. ಟ್ಯೂಬ್‌ಲೈಟ್ ಕೆಳಗೆ ನೋಡಿದ್ದನ್ನು ನಂಬಬೇಡಿ. ಒಂದೇ ಭುಜದ ಮೇಲೆ ನಿರಿಗೆ ಹಿಡಿದು ನೇರ ಇಳಿಬಿಟ್ಟರೆ ಮೈ ತೆಳ್ಳಗೆ ಕಾಣುತ್ತದೆ, ಎದೆಯ ಮೇಲೆ ಅಡ್ಡ ಹರಡಿದರೆ ಅಗಲ ಕಾಣುತ್ತದೆ. ಪಿನ್ ಹಾಕುವ ಮುಂಚೆ ಅದಕ್ಕೊಂದು ಸಣ್ಣ ಮಣಿ ಪೋಣಿಸಿ ಬುಡಕ್ಕೆ ತಳ್ಳಿ, ಬಟ್ಟೆ ಸುರುಳಿಗೆ ಸಿಕ್ಕಿ ಹರಿಯುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಲಬುರಗಿಯ ಬಿಸಿಲು 40 ಡಿಗ್ರಿ ದಾಟುತ್ತದೆ. ಆಗ ಮಲ್‌ಮಲ್ ಓಢಣಿ ಬಿಟ್ಟು ಬೇರೆ ಯೋಚನೆ ಬೇಡ, ತಲೆಗೂ ಆಗುತ್ತದೆ.

ಸರಗಳಲ್ಲಿ ಕುತ್ತಿಗೆಯ ಆಕಾರ ನೋಡಿ ಆರಿಸಬೇಕು. ಕಾಲರ್ ಇದ್ದು ಮುಚ್ಚಿದ ಕುತ್ತಿಗೆಗೆ ಬೋರಮಾಳದಂಥ ಉದ್ದ ಸರ, ಎದೆ ದಾಟಿ ಇಳಿಯಬೇಕು. ಅಗಲ ಕುತ್ತಿಗೆಗೆ ಗಿಡ್ಡದ್ದು. ಮೈತುಂಬ ಹೂವಿನ ಪ್ರಿಂಟ್ ಇದ್ದರೆ ಸರವೇ ಬೇಡ, ಝುಮಕಿ ಸಾಕು. ಮಾಸಲು ಬೂದು, ತಿಳಿ ಗುಲಾಬಿಯಂಥ ಸಪ್ಪೆ ಬಣ್ಣಗಳಿಗೆ ನನಗೆ ಬೀದರಿನ ಬಿದ್ರಿ ಪದಕವೇ ಇಷ್ಟ. ಸತು ಮತ್ತು ತಾಮ್ರ ಕೂಡಿಸಿ ಎರಕ ಹೊಯ್ದು, ಬೆಳ್ಳಿ ತಂತಿ ಕೂರಿಸಿ, ಬೀದರ್ ಕೋಟೆಯ ಹಳೇ ಮಣ್ಣು ಕಲಸಿ ಕಪ್ಪು ಮಾಡುತ್ತಾರೆ. ಆ ಕಪ್ಪು-ಬೆಳ್ಳಿ ಯಾವ ಬಣ್ಣದ ಜೊತೆಗೂ ಜಗಳ ಆಡುವುದಿಲ್ಲ. ಲೋಹ ತೂಕದ್ದು, ಹಾಗಾಗಿ ಕಿವಿಗೆ ಸಣ್ಣದು ತಗೊಳ್ಳಿ, ದೊಡ್ಡದು ಬೇಕಿದ್ದರೆ ಕೊರಳಿಗೆ. ಬಿಚ್ಚಿದ ಮೇಲೆ ಬೆವರು ಒರೆಸಿ, ಕಪ್ಪು ಮಾಸಿದ್ದರೆ ಒಂದು ಹನಿ ಕೊಬ್ಬರಿ ಎಣ್ಣೆ ಹಚ್ಚಿ ಮೆತ್ತನೆ ಬಟ್ಟೆಯಿಂದ ತಿಕ್ಕಿ. ಹುಣಸೆಹಣ್ಣು, ಪಾತ್ರೆ ತಿಕ್ಕುವ ಪೀತಾಂಬರಿ ಪುಡಿ ಹತ್ತಿರಕ್ಕೂ ಬೇಡ.

ಹೋಳಿ ಮುಗಿದ ಮೇಲೆ ಶರಣಬಸವೇಶ್ವರ ಜಾತ್ರೆಯಲ್ಲಿ ಮಣಿಸರ, ಬಳೆ ಕೊಳ್ಳುವವರು ಆ ಡ್ರೆಸ್ಸಿನ ಓಢಣಿಯನ್ನೋ ಒಂದು ತುಂಡು ಬಟ್ಟೆಯನ್ನೋ ಚೀಲದಲ್ಲಿ ಇಟ್ಟುಕೊಂಡು ಹೋಗಿ. ನೆನಪಿನ ಬಣ್ಣ ನಂಬಿ ತಂದದ್ದು ಮನೆಗೆ ಬಂದಾಗ ಬೇರೆಯೇ ಆಗಿರುತ್ತದೆ.

ಹೊಟ್ಟೆ, ಸೊಂಟ ಎರಡೂ ಮರೆಯಾಗಬೇಕು ಅನ್ನುವವರಿಗೆ ಮುಂದೆ ತೆರೆದ, ತೋಳಿಲ್ಲದ ಜಾಕೀಟು ಒಳ್ಳೆಯದು. ಗುಳೇದಗುಡ್ಡ ಖಣದಲ್ಲಿ ಹೊಲಿಸಿದರೆ ಹಬ್ಬಕ್ಕೂ ಆಗುತ್ತದೆ. ಎರಡೂ ಪಕ್ಕದ ಅಂಚು ನೇರ ಇಳಿಯುವುದರಿಂದ ಕಣ್ಣು ಆ ಎರಡು ಅಂಚುಗಳ ಮಧ್ಯದ ಉದ್ದನೆಯ ಭಾಗವನ್ನಷ್ಟೇ ನೋಡುತ್ತದೆ. ಆದರೆ ಜಾಕೀಟಿನ ತುದಿ ಸೊಂಟದ ಅತಿ ಅಗಲದ ಜಾಗದಲ್ಲಿ ನಿಲ್ಲಬಾರದು. ಅದಕ್ಕಿಂತ ನಾಲ್ಕು ಬೆರಳು ಮೇಲೆ ಇಲ್ಲವೇ ಕೆಳಗೆ. ಡ್ರೆಸ್ಸಿನ ಅಂಚಿಗೂ ಇದೇ ಲೆಕ್ಕ. ಮೀನಖಂಡದ ದಪ್ಪದ ಮೇಲೆ ನಿಂತಿದ್ದರೆ ಅದೇ ಬಣ್ಣದ ಲೆಗ್ಗಿಂಗ್ಸ್ ಹಾಕಿ, ಮುಗಿಯಿತು.

ತಾಂಡಾದ ಹೆಣ್ಣುಮಕ್ಕಳು ಮಾಡುವ ಲಂಬಾಣಿ ಕಸೂತಿಯ ತುಂಡು ಸಿಕ್ಕರೆ ಬೋಳು ಕುತ್ತಿಗೆಗೆ ಅದಕ್ಕಿಂತ ಚೆಂದ ಇಲ್ಲ. ಕನ್ನಡಿ, ಕವಡೆಯ ಭಾರಕ್ಕೆ ಜಾರ್ಜೆಟ್ ಜೋತು ಬೀಳುತ್ತದೆ, ಆದ್ದರಿಂದ ಹಿಂದೆ ಕಾಟನ್ ಅಸ್ತರ್ ಕೊಡಿ. ಒದ್ದೆ ಬಿಳಿ ಬಟ್ಟೆಯಿಂದ ಕೆಂಪು ದಾರವನ್ನು ಒತ್ತಿ ನೋಡಿ, ಬಣ್ಣ ಬಿಟ್ಟರೆ ತಿಳಿ ಬಣ್ಣದ ಡ್ರೆಸ್ಸಿಗೆ ಹಚ್ಚಬೇಡಿ. ಹಚ್ಚುವುದಾದರೂ ಖಾಯಂ ಹೊಲಿಯದೆ ಟಿಚ್ ಬಟನ್ ಹಾಕಿಸಿ. ಒಗೆಯುವ ದಿನ ಬಿಚ್ಚಿ ಇಡಬಹುದು, ನಾಳೆ ಇನ್ನೊಂದು ಡ್ರೆಸ್ಸಿಗೂ ಬರುತ್ತದೆ.