ಚೆಕ್ ಎಂಜಿನ್ ದೀಪ ಮಿನುಗಿದರೆ ಗಾಡಿ ಓಡಿಸಬೇಡಿ

ಪೆಟ್ರೋಲ್ ಕಾರಿನ ಕ್ಯಾಟಲಿಟಿಕ್ ಕನ್ವರ್ಟರ್ (ಎಂಜಿನ್ ಹೊಗೆಯ ವಿಷ ಕಡಿಮೆ ಮಾಡುವ ಭಾಗ) ತಾನಾಗಿಯೇ ಕೆಡುವುದು ಕಡಿಮೆ. ಬೇಗ ಹೋಯಿತೆಂದರೆ ಮೊದಲು ಎಂಜಿನ್ ನೋಡಿಸಿ. ಸ್ಪಾರ್ಕ್ ಪ್ಲಗ್ ಅಥವಾ ಕಾಯಿಲ್ ಕೆಟ್ಟು ಎಂಜಿನ್ ಮಿಸ್ಸಿಂಗ್ ಆಗುತ್ತಿದ್ದರೆ (ಅಂದರೆ ಪೆಟ್ರೋಲ್ ಸರಿಯಾಗಿ ಹೊತ್ತಿಕೊಳ್ಳದಿದ್ದರೆ), ಉರಿಯದ ಪೆಟ್ರೋಲ್ ಹೊಗೆಯ ಜೊತೆ ಬಂದು ಕನ್ವರ್ಟರ್ ಒಳಗೇ ಉರಿಯುತ್ತದೆ. ಅಲ್ಲಿರುವ ಜೇನುಗೂಡಿನಂಥ ಸೆರಾಮಿಕ್ ಕರಗಿ ದಾರಿ ಮುಚ್ಚುತ್ತದೆ. ಆಮೇಲೆ ಪಿಕಪ್ ಎಲ್ಲಿಂದ ಬರಬೇಕು?

ಚೆಕ್ ಎಂಜಿನ್ ದೀಪ ಮಿನುಗುವುದು ಸಾಮಾನ್ಯವಾಗಿ ಇಂಥ ಮಿಸ್ಸಿಂಗ್‌ನ ಸೂಚನೆ. ಹಾಗಾಗಿ ಅದು ಮಿನುಗುತ್ತಿದ್ದರೆ ಪಕ್ಕಕ್ಕೆ ನಿಲ್ಲಿಸಿ, ದಯವಿಟ್ಟು. ಮನೆ ಹತ್ತಿರವೇ ಇದೆ ಅಲ್ವಾ ಎಂದು ಓಡಿಸಬೇಡಿ. ಕನ್ವರ್ಟರ್ ಒಳಗಿರುವುದು ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ. ಬೆಲೆ ತುಂಬಾ ಜಾಸ್ತಿ.

ಎಂಜಿನ್ ಆಯಿಲ್ ಪದೇ ಪದೇ ಕಡಿಮೆಯಾಗುತ್ತಿದ್ದರೂ ಎಚ್ಚರ. ಉರಿದ ಆಯಿಲ್‌ನ ರಂಜಕ ಆ ಲೋಹಗಳ ಮೇಲೆ ಕೂತು ಕೆಲಸ ಕೆಡಿಸುತ್ತದೆ. ಕಾರಣ ಸರಿಮಾಡಿಸದೆ ಹೊಸ ಕನ್ವರ್ಟರ್ ಹಾಕಿಸಿದರೆ ಅದೂ ಹೋಗುತ್ತದೆ.